ಪರಮೇಶಪ್ಪ ಮಿಸ್ತ್ರಿಯ ಡಬ್ಬಿ

ಹಾವೇರಿಯ ಪರಮೇಶಪ್ಪ ಮಿಸ್ತ್ರಿ ನನ್ನ ಹಳೆಯ ಮೋಟಾರ್ ಸೈಕಲ್ಲಿನ ಕಾರ್ಬ್ಯುರೇಟರ್ ಬಿಚ್ಚಿದರೆ ಮೊದಲು ಮೂಸುತ್ತಾನೆ, ಆಮೇಲೆ ಸೀನುತ್ತಾನೆ, ಕಡೆಗೆ ನನ್ನನ್ನು ಬೈಯುತ್ತಾನೆ. "ಮತ್ತ ಬ್ಯಾಡಗಿ ಮೆಣಸಿನಕಾಯಿ ಪ್ಯಾಟ್ಯಾಗ ನಿಲ್ಲಿಸಿದ್ರೇನ್ರಿ ರಾಯರ? ಗಾಡಿಗೆ ನೆಗಡಿ ಬಂದೈತಿ!" ಯುದ್ಧದ ಕಾಲ, ಪೆಟ್ರೋಲಿಗೆ ಕೂಪನ್ನು, ನಾನು ಗುಟ್ಟಾಗಿ ಚಿಮಣಿ ಎಣ್ಣೆ ಬೆರೆಸಿದ್ದೂ ಆ ಮೂಗಿಗೆ ತಿಳಿಯುತ್ತದೆ. ಪೆಟ್ರೋಲ್ ಹರಿಯುವ ಸಣ್ಣ ತೂತಿಗೆ ತಂತಿ ಚುಚ್ಚಿದರೆ ತೂತು ದೊಡ್ಡದಾಗುತ್ತದೆಂದು, ಪಕ್ಕದ ಮನೆಯ ಟಾಂಗಾ ಕುದುರೆಯ ಬಾಲದ ಕೂದಲಿನಿಂದಲೇ ಕಸ ತೆಗೆಯುತ್ತಾನೆ. ಕುದುರೆ ಬಾಡಿಗೆಗೆ ಹೋಗಿದ್ದರೆ ಅದು ಬರುವ ತನಕ ನಾನು ಅಲ್ಲೇ ಕೂತಿರಬೇಕು. ಎಲ್ಲ ಜೋಡಿಸಿದ ಮೇಲೂ ಒಂದು ಸ್ಕ್ರೂ ಉಳಿದೇ ಉಳಿಯುತ್ತದೆ. "ಕಂಪನಿಯವ್ರು ಒಂದ ಹೆಚ್ಚಿಗಿ ಹಾಕಿರ್ತಾರ್ರಿ," ಎಂದು ಅದನ್ನು ಡಬ್ಬಿಗೆ ಎಸೆಯುತ್ತಾನೆ. ನನ್ನ ಅರ್ಧ ಗಾಡಿ ಈಗ ಆ ಡಬ್ಬಿಯಲ್ಲಿದೆ. ಮೊನ್ನೆ ಮೇಡ್ಲೇರಿಯಿಂದ ಸುದ್ದಿ ಬಂತು: ಅವನ ಮಗಳು ನೀಲವ್ವನಿಗೆ ಎರಡು ದಿನದಿಂದ ಹೆರಿಗೆ ನೋವು, ಸೂಲಗಿತ್ತಿ ಕೈಚೆಲ್ಲಿದ್ದಾಳೆ. ನಮ್ಮೂರ ಡಾಕ್ಟರು ಅಲ್ಲಿಗೆ ಹೊರಡಲು ನನ್ನ ಗಾಡಿ ಹತ್ತಿದರೆ ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮಿಸ್ತ್ರಿ ಮೂಸಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಬಿಚ್ಚಿದ್ದನ್ನೆಲ್ಲ ಧೋತರದ ಮೇಲೆ ಸಾಲಾಗಿಟ್ಟು, ಊದಿ, ಒರೆಸಿ, ಜೋಡಿಸಿದ. ಗಾಡಿ ಗುಡುಗಿತು, ಡಾಕ್ಟರು ಹೋದರು. ಆಮೇಲೆ ಅವನು ಧೋತರ ಕೊಡವಿದ, ನೆಲ ತಡವಿದ, ಕಡೆಗೆ ಖಾಲಿ ಅಂಗೈಯನ್ನು ನನಗೆ ತೋರಿಸಿದ. "ರಾಯರ, ಈ ಸಲ ಒಂದೂ ಉಳಿದಿಲ್ಲಲ್ರಿ... ಎಲ್ಲ್ಯರ ತಪ್ಪ ಮಾಡೀನೇನ್ರಿ?"