ಹಣ್ಣಿನ ಚಹಾದಲ್ಲಿದ್ದ ಕೆಂಪು ಚೂರು

ಡಬ್ಬದ ಮೇಲೆ ಕೆಂಪು ಎಲೆಗಳು ಉದುರುವ ಚಿತ್ರವಿತ್ತು. ಜರ್ಮನಿಗೆ ಹೋಗಿಬಂದ ಸಹೋದ್ಯೋಗಿಯೊಬ್ಬಳು ವಾಶಿಯ ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಚಾಕೊಲೇಟ್ ಹಂಚಿ, ನನಗೆ ಮಾತ್ರ ಇದನ್ನು ಕೊಟ್ಟಳು. ಹಣ್ಣಿನ ಚಹಾ, ಶರತ್ಕಾಲಕ್ಕೆಂದೇ ಮಾಡಿದ್ದು, ಸಕ್ಕರೆ ಬೇಡ ಅಂದಳು. ಶರತ್ಕಾಲ ನಾವಿರುವ ಡೊಂಬಿವಲಿಯಲ್ಲಿ ಇಳಿಯುವುದಿಲ್ಲ. ಮಳೆ ನಿಂತ ಕೂಡಲೇ ನಮಗೆ ಬರುವುದು ಅಕ್ಟೋಬರ್ ಹೀಟ್. ಲೋಕಲ್ ರೈಲಿನಲ್ಲಿ ಉದುರುವುದು ಎಲೆಯಲ್ಲ, ಬೆವರು. ಆದರೂ ಸಕ್ಕರೆ ಬೇಡ ಎಂಬ ಮಾತಿಗೆ ನನ್ನ ಕಿವಿ ನೆಟ್ಟಗಾಯಿತು.

ಕಾರಣ ಅಪ್ಪ. ವಾಗ್ಳೆ ಎಸ್ಟೇಟ್‌ನ ಕಾರ್ಖಾನೆಗಳ ನಡುವೆ ಜೀವಮಾನವಿಡೀ ಹೋಟೆಲ್ ನಡೆಸಿ ನಿವೃತ್ತರಾದವರು. ಆ ವರ್ಷ ಡಾಕ್ಟರು ಅವರಿಗೆ ಸಕ್ಕರೆ ನಿಲ್ಲಿಸಿದರು. ಅಮ್ಮ ಸಪ್ಪೆ ಚಾ ಮಾಡಿಕೊಟ್ಟರೆ ಒಂದು ಗುಟುಕು ಕುಡಿದು, "ಇದನ್ನು ಗಿರಾಕಿಗೆ ಕೊಟ್ಟಿದ್ದರೆ ನನ್ನ ಮುಖಕ್ಕೇ ಎರಚುತ್ತಿದ್ದ" ಎಂದು ಲೋಟ ಪಕ್ಕಕ್ಕಿಟ್ಟರು. ಅಂದಿನಿಂದ ಚಾ ಬಿಟ್ಟೇಬಿಟ್ಟರು.

ಬಿಟ್ಟದ್ದು ಚಾ ಒಂದೇ ಆಗಿದ್ದರೆ ನನಗೇನೂ ಅನಿಸುತ್ತಿರಲಿಲ್ಲ. ಎದುರು ಬಾಗಿಲಿನಲ್ಲಿ ಗದಗದ ಕಡೆಯ ಹಿರಿಯರೊಬ್ಬರಿದ್ದರು, ಪಕ್ಕದ ಊರು ಕಲ್ಯಾಣದ ಬಟ್ಟೆ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟವರು. ದಿನಾ ಸಂಜೆ ಚಾಕ್ಕೆ ನಮ್ಮಲ್ಲಿಗೇ ಬರುತ್ತಿದ್ದರು. ಅಪ್ಪ ಅವರಿಗೆ ಸಾಹುಕಾರ್ರೇ ಅನ್ನುವುದು, ಅವರು ಅಪ್ಪನಿಗೆ ಮಾಲಕ್ರ ಅನ್ನುವುದು, ಇಬ್ಬರೂ ಸೇರಿ ಸೊಸೈಟಿ ಸೆಕ್ರೆಟರಿಯನ್ನು ಹೊಟ್ಟೆ ತುಂಬ ಬೈಯುವುದು. ಅಪ್ಪ ಚಾ ಬಿಟ್ಟ ಮೇಲೆ ಅವರು ಒಂದೆರಡು ದಿನ ಬಂದರು. ಆಮೇಲೆ, "ನೀವು ನೋಡಕೋತ ಕುಂತ್ರ ನನಗ ಗಂಟಲದಾಗ ಇಳಿಯೂದಿಲ್ರಿ" ಎಂದು ಎದ್ದು ಹೋದವರು ಮತ್ತೆ ಬರಲಿಲ್ಲ. ಅಪ್ಪ ಕರೆಯಲೂ ಇಲ್ಲ. ತಾನು ಜೊತೆಗೆ ಕುಡಿಯಲಾಗದ ಮೇಲೆ ಯಾವ ಮುಖದಲ್ಲಿ ಕರೆಯುವುದು ಎಂದು ಅವರ ಲೆಕ್ಕ. ಸಂಜೆಯಾದರೆ ಟಿವಿ ಹಾಕಿ, ಅದನ್ನು ನೋಡದೆ ಕೂರುತ್ತಿದ್ದರು.

ಭಾನುವಾರ ಡಬ್ಬ ಒಡೆದೆವು. ಬಿಸಿನೀರಿಗೆ ಪುಟ್ಟ ಚೀಲ ಇಳಿಬಿಟ್ಟ ಕೂಡಲೇ ಅಡುಗೆಮನೆಯಲ್ಲಿ ಸೇಬು, ದಾಲ್ಚಿನ್ನಿಯ ಘಮ. ನೀರು ಕುಂಕುಮದಂತೆ ಕೆಂಪಾಯಿತು. ಸಿಹಿಯೇ ಇರಬೇಕೆಂದು ದೊಡ್ಡ ಗುಟುಕು ಹಾಕಿದೆ. ಮೂಗಿಗೆ ಕೊಟ್ಟ ಮಾತನ್ನು ಅದು ನಾಲಿಗೆಯ ಮೇಲೆ ಉಳಿಸಿಕೊಳ್ಳಲಿಲ್ಲ, ಹುಳಿಯೆಂದರೆ ಹುಳಿ. ಅಷ್ಟರಲ್ಲಿ ಅಮ್ಮ ಅಭ್ಯಾಸಬಲದಿಂದ ಅಪ್ಪನ ಲೋಟಕ್ಕೆ ಎರಡು ಚಮಚ ಹಾಲು ಹಾಕಿಯಾಗಿತ್ತು. ಹಾಲು ಅಲ್ಲೇ ಒಡೆದು ಚೂರುಚೂರಾಯಿತು.

ಹೋಟೆಲಿನವರ ಮನೆಯಲ್ಲಿ ಹಾಲು ಒಡೆಯುವುದೆಂದರೆ ಸಣ್ಣ ಮಾತಲ್ಲ. ನಾವಿಬ್ಬರೂ ಬೈಗುಳಕ್ಕೆ ತಯಾರಾಗಿ ನಿಂತೆವು. ಟಿವಿಯ ಮುಂದೆ ಕೂತಿದ್ದ ಅಪ್ಪ ಕೈಗೆ ಕೊಟ್ಟ ಲೋಟದೊಳಗೆ ಬಗ್ಗಿ ನೋಡಿ, "ಇದರಲ್ಲಿ ಎಂತದೋ ಉಂಟು ಮಾರಾಯ್ತಿ" ಎಂದು ಕನ್ನಡಕ ಹುಡುಕಲು ಎದ್ದರು. ಟಿವಿಯ ಎದುರಿಂದ ಅವರಾಗಿ ಎದ್ದದ್ದು ಕಂಡು ನನಗೆ ಜೀವ ಬಂದಂತಾಯಿತು.

ಪೇಪರ್ ಹಾಸಿ, ಕತ್ತರಿಯಿಂದ ಚೀಲ ಕತ್ತರಿಸಿ ಎಲ್ಲವನ್ನೂ ಹರಡಿದರು. ಸೇಬಿನ ತುಂಡು ಸಿಕ್ಕಿತು, ಕಿತ್ತಳೆ ಸಿಪ್ಪೆ, ದಾಲ್ಚಿನ್ನಿ ಸಿಕ್ಕಿತು. ಉಳಿದದ್ದು ದಪ್ಪನೆಯ ಕಡುಗೆಂಪು ಚೂರುಗಳು. ಡಬ್ಬದ ಮೇಲಿನ ಜರ್ಮನ್‌ನಲ್ಲಿ ನನಗೆ ಹಿಬಿಸ್ಕಸ್ ಎಂಬುದೊಂದು ಗೊತ್ತಾಯಿತು. ದಾಸವಾಳ ಅಂದೆ.

"ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಿದ್ದಾ? ದಾಸವಾಳಕ್ಕೆ ಜರ್ಮನಿಗೆ ಹೋಗಬೇಕಾ?" ಎಂದು ಅಮ್ಮ ಬಾಲ್ಕನಿಯ ಕುಂಡದಿಂದ ಒಂದು ಹೂ ಕಿತ್ತು ತಂದು ಬಿಸಿನೀರಿಗೆ ಹಾಕಿದರು. ಮೂವರೂ ಕುಡಿದೆವು. ಲೋಳೆ ಲೋಳೆ, ಹುಳಿಯ ಸುಳಿವೇ ಇಲ್ಲ.

"ದಾಸವಾಳ ಅಲ್ಲ," ಅಪ್ಪ ಚೂರೊಂದನ್ನು ಅಗಿಯುತ್ತ ಹೇಳಿದರು. "ಪುನರ್ಪುಳಿಯ ಹಾಗೆ ಉಂಟು, ಇಲ್ಲಿನವರ ಕೋಕಮ್. ಆದರೆ ಪುನರ್ಪುಳಿಯೂ ಅಲ್ಲ. ಮತ್ತೆಂತ?" ಇನ್ನೊಂದು ಚೂರು ಬಾಯಿಗೆ ಹಾಕಿದರು. ನಾನೂ ಅಗಿದೆ. ಗೊತ್ತಾಗದೆ ಇದ್ದದ್ದು ಅವರಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನ ಹಾಗೆ ಕಾಡಿತು. ಕೊನೆಗೆ ಒಂದು ಚಿಟಿಕೆ ಅಂಗೈಯಲ್ಲಿಟ್ಟುಕೊಂಡು, ಬನಿಯನ್ನಿನಲ್ಲೇ ಹೊರಗೆ ನಡೆದು, ಎದುರು ಮನೆಯ ಬೆಲ್ ಒತ್ತಿದರು. ನಾನು ಬಾಗಿಲಿನ ಮರೆಯಲ್ಲಿ ನಿಂತು ನೋಡಿದೆ.

"ಸಾಹುಕಾರ್ರೇ, ಇದು ಎಂತ ಹೇಳಿ ನೋಡುವ."

ಅವರು ಏನೂ ಕೇಳದೆ ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ಅಗಿದರು. "ಪುಂಡಿ ಐತ್ರಿ ಇದು! ನಮ್ಮ ಪುಂಡಿಪಲ್ಯದ ಹುಳಿ. ಕಾಯಿ ಸುತ್ತ ಕೆಂಪಗ ಇರತೈತಲ್ರಿ, ಅದನ್ನ ಒಣಗಿಸ್ಯಾರ. ಎಲ್ಲಿ ಸಿಕ್ತು ನಿಮಗ?"

ಆಮೇಲೆ ನಾನು ಹುಡುಕಿ ನೋಡಿದೆ, ಅವರ ಮಾತು ಸರಿಯಿತ್ತು. ಪುಂಡಿಸೊಪ್ಪಿನ ಗಿಡ ದಾಸವಾಳದ ದಾಯಾದಿಯಂತೆ, ಡಬ್ಬದ ಮೇಲಿನ ಹಿಬಿಸ್ಕಸ್ ಅದೇ. ಆದರೆ ಆ ಹೊತ್ತಿಗೆ ನನಗೆ ಅದು ಯಾವ ಗಿಡವಾದರೂ ಆಗಬಹುದಿತ್ತು. ಅಪ್ಪ ಅವರ ಕೈ ಹಿಡಿದು ಒಳಗೆ ಕರೆತಂದು, ಸೋಫಾದಲ್ಲಿ ಕೂರಿಸಿ, ತಾವೇ ನೀರು ಕಾಯಲಿಟ್ಟರು. ಹಾಲಿನ ಪಾತ್ರೆಯನ್ನು ದೂರ ತಳ್ಳಿ, ಆ ಕೆಂಪು ಚಹಾವನ್ನು ಹೋಟೆಲಿನಲ್ಲಿ ಮಾಡುತ್ತಿದ್ದ ಹಾಗೆ ಮೇಲಿಂದೆತ್ತಿ ಎರಡು ಲೋಟಕ್ಕೆ ಹೊಯ್ದರು.

ಇಬ್ಬರೂ ಕುಡಿದರು. ಸಾಹುಕಾರರ ಮುಖ ಮೊದಲ ಗುಟುಕಿಗೇ ಹಿಂಡಿದ ನಿಂಬೆಹಣ್ಣಿನಂತಾಯಿತು. ಆದರೂ ಸೆಕ್ರೆಟರಿಯ ವಿಷಯ ಬಂತು, ನೀರಿನ ಟ್ಯಾಂಕರಿನ ವಿಷಯ ಬಂತು, ಲೋಟ ಖಾಲಿಯಾಯಿತು. ಹೊರಡುವಾಗ ಚಪ್ಪಲಿ ಮೆಟ್ಟುತ್ತ ಹೇಳಿದರು:

"ಏನ ಅನ್ರಿ ಮಾಲಕ್ರ, ಇದು ಚಾ ಅಲ್ಲ ಬಿಡ್ರಿ."

"ಅಲ್ಲ," ಅಪ್ಪ ಒಪ್ಪಿಕೊಂಡರು.

"ನಾಳೆ ಎಷ್ಟಕ್ಕ ಬರ್ಲಿ?"