ಚೀಟಿ ಕಿತ್ತ ಜಾಡಿಗಳು

ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಾಗಿದ್ದ ಕಾಲ. ಆಡಲು ಹೋದ ಮಕ್ಕಳನ್ನು ಅಮ್ಮಂದಿರು ಬಾಗಿಲಲ್ಲೇ ನಿಂತು ಕೂಗಿದರೆ ಆಚೆ ರಸ್ತೆಗೂ ಕೇಳಿಸುತ್ತಿತ್ತು. ಆಗ ಮೂರನೇ ಬ್ಲಾಕಿನಲ್ಲಿ ಮಹಾದೇವಪ್ಪನವರ ಬಣ್ಣದಂಗಡಿ ಇತ್ತು. ಇತ್ತೇ? ಅದು ತ್ಯಾಗರಾಜನಗರದಲ್ಲಿತ್ತು ಎಂದು ಅಲ್ಲೇ ಬೆಳೆದ ನನ್ನ ಸೋದರತ್ತೆಯ ಮಗಳು ವಾದಿಸುತ್ತಾಳೆ. ಸಾಕ್ಷಿ ಇಲ್ಲದ್ದನ್ನು ನಂಬಬೇಡ ಎಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ಈ ಅಂಗಡಿಗೆ ಸಾಕ್ಷಿ ಇಲ್ಲ. ಆದರೂ ಟರ್ಪೆಂಟೈನ್ ವಾಸನೆ ಬಂದರೆ ಇವತ್ತಿಗೂ ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ.

ಏನೂ ಕೊಳ್ಳದೆ ಎಷ್ಟು ಹೊತ್ತಾದರೂ ನೋಡುತ್ತ ನಿಲ್ಲಬಹುದಾಗಿದ್ದ ಅಂಗಡಿ ಅದೊಂದೇ. ಬೋರ್ಡು ಬರೆಯುವವರು, ಸ್ಕೂಲಿನ ಡ್ರಾಯಿಂಗ್ ಮೇಷ್ಟರುಗಳು ಬರುತ್ತಿದ್ದರು. ನಾವು ಅವರ ಮೊಣಕೈಗಳ ಕೆಳಗೆ ನುಸುಳಿ ಒಳಗೆ ಹೋಗುತ್ತಿದ್ದೆವು. ಅಳಿಲಿನ ಕೂದಲಿನ ಬ್ರಷ್ಷುಗಳನ್ನು ಕೆನ್ನೆಗೆ ಸವರಿಕೊಳ್ಳಬಹುದಿತ್ತು. ಸುರುಳಿ ಸುತ್ತಿಟ್ಟ ಡ್ರಾಯಿಂಗ್ ಹಾಳೆಯ ಒಳಗೆ ಮೂಗಿಟ್ಟರೆ ಹೊಸ ಪುಸ್ತಕಕ್ಕಿಂತ ಒಳ್ಳೆಯ ವಾಸನೆ. ಹಿಂದಿನ ಗೋಡೆಯ ಉದ್ದಕ್ಕೂ ಗಾಜಿನ ಜಾಡಿಗಳಲ್ಲಿ ಪುಡಿ ಬಣ್ಣಗಳು, ಪ್ರತಿಯೊಂದರ ಮೇಲೂ ಹೆಸರಿನ ಚೀಟಿ. ವಿಭೂತಿ ಹಚ್ಚಿಕೊಂಡ ಮಹಾದೇವಪ್ಪನವರು ಗಲ್ಲಾದ ಹಿಂದೆ ಕೂತು, "ನೋಡ್ಕಳ್ರಪ್ಪ, ಆದ್ರೆ ಸೀನಬೇಡಿ" ಎನ್ನುತ್ತಿದ್ದರು. ಒಂದು ಸೀನಿಗೆ ಅರ್ಧ ಬಣ್ಣ ಹಾರಿ ಹೋಗುತ್ತದೆಂದು ನಾನು ನಂಬಿದ್ದೆ.

ನನ್ನನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದವನು ಅಣ್ಣ ಶಂಕರ. ಆ ವರ್ಷ ಅವನು ಎಸ್ಸೆಸ್ಸೆಲ್ಸಿ. ಪೆನ್ಸಿಲ್ ಹಿಡಿದರೆ ಎದುರು ಮನೆಯ ಎಮ್ಮೆ ಹಾಳೆಯ ಮೇಲೆ ಎದ್ದು ನಿಲ್ಲುತ್ತಿತ್ತು. ಚಿತ್ರಕಲಾ ಶಾಲೆ ಸೇರಬೇಕೆನ್ನುವುದೊಂದೇ ಅವನ ಆಸೆ. ಗುಮಾಸ್ತರಾಗಿದ್ದ ಅಪ್ಪ ಒಪ್ಪಿರಲಿಲ್ಲ. ಕೊನೆಗೆ, ವ್ಯಾಪಾರ ತಿಳಿದ ಮಹಾದೇವಪ್ಪನವರು 'ಹುಡುಗ ಬದುಕಿಕೊಳ್ಳುತ್ತಾನೆ' ಎಂದು ಒಂದು ಮಾತು ಹೇಳಿದರೆ ಸೇರಿಸುತ್ತೇನೆ ಎಂದಿದ್ದರು. ಹೇಳುತ್ತೇನೆ ಎಂದು ಅವರೂ ಮಾತು ಕೊಟ್ಟಿದ್ದರು. ಆಯುಧಪೂಜೆಗೆ ಅಪ್ಪ ಅಂಗಡಿಗೆ ಬಂದಾಗ ಮಾತಾಡುವುದೆಂದು ನಿಗದಿಯಾಗಿತ್ತು.

ಪ್ರತಿ ಆಯುಧಪೂಜೆಗೆ ಆ ಅಂಗಡಿಯಲ್ಲಿ ಜಾಡಿಗಳನ್ನೆಲ್ಲ ಕೆಳಗಿಳಿಸಿ, ಒರೆಸಿ, ಮಾಸಿದ ಚೀಟಿ ಕಿತ್ತು ಹೊಸದು ಅಂಟಿಸುವ ಪದ್ಧತಿ. ಆ ವರ್ಷ ಚೀಟಿ ಬರೆಯುವ ಕೆಲಸ ಅಣ್ಣನಿಗೆ ಸಿಕ್ಕಿತು. ಅವನು ಅಕ್ಕರೆಯಿಂದ ಬರೆದ. ಮಹಾದೇವಪ್ಪನವರು ಬಾಗಿಲಿಗೆ ಮಾವಿನೆಲೆ ಕಟ್ಟಿಸುತ್ತಿದ್ದಾಗ, ನೆಲದ ಮೇಲೆ ಸಾಲು ತಪ್ಪಿ ಬೆರೆತುಹೋಗಿದ್ದ ಜಾಡಿಗಳಿಗೆ ತಾನೇ ಅಂಟಿಸಿಯೂ ಮುಗಿಸಿದ.

ಮಹಾದೇವಪ್ಪನವರು ಒಳಗೆ ಬಂದು ನೋಡಿ ಮೊದಲು ನಕ್ಕರು.

"ಏನ್ ಶಂಕ್ರಾ, ಹಬ್ಬದ ದಿನ ತಮಾಷೇನಾ?"

ಕಾವಿಯ ಜಾಡಿಯ ಮೇಲೆ 'ಎಲೆಹಸಿರು' ಎಂದು ಮುದ್ದಾದ ಅಕ್ಷರದಲ್ಲಿತ್ತು. ಎಲೆಹಸಿರಿನ ಮೇಲೆ 'ಕಾವಿ'. ಅಣ್ಣ ನಗಲಿಲ್ಲ. ಅವರ ನಗು ನಿಂತಿತು. ಎರಡೂ ಜಾಡಿಗಳನ್ನು ಬೆಳಕಿಗೆ ಹಿಡಿದು, ಚೀಟಿಗಳನ್ನು ಹೆಬ್ಬೆರಳಿಂದ ಮುಚ್ಚಿ, ಒಂದನ್ನು ಮುಂದೆ ಚಾಚಿ ಮೆಲ್ಲಗೆ ಕೇಳಿದರು.

"ಇದ್ಯಾವ್ದಪ್ಪ?"

"ಕಾವಿ... ಅಲ್ಲ ಸಾರ್, ಎಲೆಹಸಿರು."

ಅಣ್ಣ ಜಾಡಿಗಳನ್ನು ನೋಡುತ್ತಲೇ ಇರಲಿಲ್ಲ, ಅವರ ಮುಖ ನೋಡುತ್ತಿದ್ದ. ಅಲ್ಲಿ ಉತ್ತರ ಸಿಗದೆ ನನ್ನ ಕಡೆ ತಿರುಗಿದ. ನನಗೆ ಉತ್ತರ ಗೊತ್ತಿತ್ತು. ಹೇಳಿದರೂ ಏನಾಗುತ್ತಿತ್ತು? ಆ ಒಂದು ಜಾಡಿಯ ಹೆಸರು ತಿಳಿಯುತ್ತಿತ್ತು, ಅಷ್ಟೆ. ಮನೆಯಲ್ಲಿ ಅವನು ಬಣ್ಣದ ಹೆಸರು ಅಚ್ಚಾಗಿದ್ದ ಪೆನ್ಸಿಲ್ಲುಗಳನ್ನೇ ಬಳಸುತ್ತಿದ್ದುದು, ಒಮ್ಮೆ ಹೆಸರು ಅಳಿಸಿಹೋದ ಪೆನ್ಸಿಲ್ಲಿನಿಂದ ಬರೆದ ಬಾಳೆಗಿಡ ಕಂದಾಗಿದ್ದುದು, "ಬಿಸಿಲಿಗೆ ಒಣಗಿರ್ಬೇಕು ಬಿಡು" ಎಂದು ಅಮ್ಮ ಅಂದದ್ದು ಎಲ್ಲ ಆಗಲೇ ನೆನಪಾಯಿತೋ, ಆಮೇಲೆ ಜೋಡಿಸಿಕೊಂಡೆನೋ ಹೇಳಲಾರೆ.

ಗೋಂದು ಇನ್ನೂ ಒಣಗಿರಲಿಲ್ಲ. ಮಹಾದೇವಪ್ಪನವರು ಎರಡು ಚೀಟಿಗಳನ್ನೂ ಬಿಡಿಸಿ ಅದಲು ಬದಲು ಅಂಟಿಸಿ, ಬೆರಳು ಒರೆಸಿಕೊಂಡರು. ಅಷ್ಟರಲ್ಲಿ ಅಪ್ಪ ಬಂದರು. ಪೂಜೆಯಾಯಿತು, ಕಡ್ಲೆಪುರಿ ಕೈಗೆ ಬಂತು. ಅಪ್ಪ ಸ್ಟೂಲಿನ ಮೇಲೆ ಕೂತು ಒಂದೊಂದೇ ಕಾಳು ಬಾಯಿಗೆ ಹಾಕಿಕೊಳ್ಳುತ್ತ ಕಾದರು. ಅಣ್ಣ ಕಂಬಕ್ಕೊರಗಿ ನಿಂತಿದ್ದ, ಅವನ ಪೊಟ್ಟಣ ಬಿಚ್ಚಿರಲಿಲ್ಲ. ಮಹಾದೇವಪ್ಪನವರು ಮಳೆಯ ಬಗ್ಗೆ ಮಾತಾಡಿದರು, ಬಸ್ಸಿನ ಬಗ್ಗೆ ಮಾತಾಡಿದರು. ಅಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡ ಮೇಲೆ ಅವರು ಹೇಳಿದ್ದು ಇಷ್ಟು:

"ನಿಮ್ಮ ಹುಡ್ಗನ ಅಕ್ಷರ ಬಾಳ ಚೆನ್ನಾಗಿದೆ ಸ್ವಾಮಿ."

ಅಪ್ಪ ಇನ್ನೂ ಸ್ವಲ್ಪ ಹೊತ್ತು ನಿಂತು ನೋಡಿದರು. ಆಮೇಲೆ ತಲೆಯಾಡಿಸಿ ಮುಂದೆ ನಡೆದರು.

ನಾವಿಬ್ಬರು ಹಿಂದೆ ಉಳಿದೆವು. ಖಾಲಿ ಸೈಟಿನ ಹತ್ತಿರ ಅಣ್ಣ ನಿಂತ.

"ಕಾವಿ ಹೆಂಗಿರತ್ತೆ, ಹೇಳೋ."

"ಹೊಸ್ತಿಲ ಪಕ್ಕ ಬಳೀತಾರಲ್ಲ, ಹಂಗೆ."

"ಅದು ಹೆಂಗಿರತ್ತೆ?"

"ಇಟ್ಟಿಗೆ ಥರ." ಅವನು ಕಾಯುತ್ತಲೇ ಇದ್ದ. ನನಗೆ ಅಳು ಬಂತು. "ಎಲೆ ಥರ ಅಲ್ಲ" ಎಂದೆ.

"ನಂಗೆ ಎಲೆನೂ ಹಂಗೇ ಕಾಣತ್ತೆ ಕಣೋ."

ಅವನು ಕಟ್ಟಡಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆದ. ಬಿಳಿ ಹಾಳೆ, ಕಪ್ಪು ಗೆರೆ. ಅದರಲ್ಲಿ ಸುಖವಾಗಿದ್ದನೇ ಎಂದು ನಾನು ಕೇಳಲಿಲ್ಲ, ಈಗ ಕೇಳಲು ಅವನಿಲ್ಲ. ಬೆಳಕು, ಕಣ್ಣು, ನರ ಎಲ್ಲವನ್ನೂ ಮುಂದೆ ಕಾಲೇಜಿನಲ್ಲಿ ಓದಿದೆ. ಕಾವಿ ಹೇಗಿರುತ್ತದೆಂದು ಹೇಳುವುದು ಅದರಿಂದಲೂ ಬರಲಿಲ್ಲ.

ಅಂಗಡಿ ಇದ್ದಿರಬಹುದಾದ ಜಾಗದಲ್ಲಿ ಮೊನ್ನೆ ನಿಂತು ಆ ಗೋಡೆಯನ್ನು ನೆನೆಸಿಕೊಳ್ಳಲು ನೋಡಿದೆ. ಬಣ್ಣಗಳು ಬರಲಿಲ್ಲ. ಬಂದದ್ದು ಅಣ್ಣನ ದನಿ. ಆ ಹಬ್ಬಕ್ಕೆ ಮೊದಲು, ಅಂಗಡಿಯಿಂದ ಮನೆಗೆ ಮರಳುವಾಗಲೆಲ್ಲ ದಾರಿಯುದ್ದಕ್ಕೂ ಅವನು ಮಗ್ಗಿಯಂತೆ ಒಪ್ಪಿಸುತ್ತಿದ್ದ: ಮೇಲಿನ ಸಾಲು ಎಡಗಡೆಯಿಂದ ಬಿಳಿ, ಅರಿಶಿನ, ಕಿತ್ತಳೆ, ಕುಂಕುಮ, ಕೆಳಗಿನ ಸಾಲು ಕಾವಿ, ಎಲೆಹಸಿರು, ನೀಲಿ, ಮಸಿ. ಬಣ್ಣದ ಮೇಲಿನ ಪ್ರೀತಿಗೆ ಹಾಗೆ ಹೇಳುತ್ತಾನೆ ಎಂದುಕೊಂಡಿದ್ದೆ. ಕಣ್ಣಿದ್ದ ನಾನು ಉಳಿಸಿಕೊಂಡಿರುವುದು ಅಷ್ಟೇ, ಅವನು ಬಾಯಿಪಾಠ ಮಾಡಿದ್ದ ಜಾಗಗಳು.