ಅಟ್ಟದ ಮೇಲಿನ ಕೋಟೆ

ಪೆಟ್ಟಿಗೆಯ ಮೂಲೆಯಲ್ಲಿ ಹದಿನೆಂಟು ವರ್ಷ ಮೇಲ್ಪಟ್ಟವರಿಗೆ ಎಂದು ಅಚ್ಚು ಹಾಕಿದ್ದಾರೆ. ವಿಮರ್ಶೆಯನ್ನು ಅಲ್ಲಿಂದಲೇ ಶುರು ಮಾಡಬೇಕು ಎಂದು ನನ್ನ ಹೆಂಡತಿ ಹೇಳಿದ್ದಳು. ಆಟದ ಸಾಮಾನಿನ ಮೇಲೆ ಆ ಅಂಕಿ ಕಂಡಾಗ ಅವಳಿಗಾದ ಸಮಾಧಾನ ಇನ್ನೂ ಕಣ್ಣ ಮುಂದಿದೆ. "ನೋಡ್ರೀ, ನಮ್ಮಂಥೋರಿಗೇ ಅಂತ ಅವ್ರೇ ಬರೆದವ್ರೆ. ಇನ್ನು ನಾಚ್ಕೆ ಯಾಕೆ?" ಎಂದಳು. ಹಾಗೆಂದವಳೇ ಎದ್ದು ಹೋಗಿ ಬೀದಿ ಬಾಗಿಲಿಗೆ ಚಿಲಕ ಹಾಕಿಕೊಂಡು ಬಂದಳು.

ಅದು ಪ್ಲಾಸ್ಟಿಕ್ ಇಟ್ಟಿಗೆಗಳ ಕೋಟೆ. ಒಂದರ ಮೇಲೊಂದು ಒತ್ತಿ ಕೂರಿಸುವ, ಉಗುರಿನಷ್ಟು ಅಗಲದ ತುಂಡುಗಳು. ಯಾವುದೋ ಪರದೇಶದ ಹಳೆಯ ಕಾಲದ ರಾಜರ ಕೋಟೆಯಂತೆ. ಕಂದಕದ ಮೇಲೆ ಸರಪಳಿಯಿಂದ ಎತ್ತಿ ಇಳಿಸುವ ಸೇತುವೆ, ಕಮ್ಮಾರನ ಕುಲುಮೆ, ಬಾವಿ, ಕುದುರೆ ಲಾಯ, ಕಬ್ಬಿಣದ ಟೋಪಿ ಹಾಕಿದ ಸಿಪಾಯಿಗಳು. ಚಿಕ್ಕಂದಿನಲ್ಲಿ ಇಂಥದ್ದನ್ನು ಆಡಿದವರು, ಅಥವಾ ಆಸೆಪಟ್ಟೂ ಸಿಗದವರು, ದೊಡ್ಡವರಾದ ಮೇಲೆ ಕೊಳ್ಳಲೆಂದೇ ಮಾಡಿದ್ದು. ಅಂಥವರದೊಂದು ಗುಂಪು ಫೋನಿನಲ್ಲಿದೆ. ಹೊಸ ಸೆಟ್ ಕಟ್ಟಿದವರು ಅದು ಹೇಗಿದೆ ಎಂದು ಅಲ್ಲಿ ಬರೆಯುತ್ತಾರೆ. ನಾವೂ ಬರೆಯುತ್ತಿದ್ದೆವು. ಅವಳು ಹೇಳುವಳು, ನಾನು ಟೈಪು ಮಾಡುವೆ. ಮುಖ ತೋರಿಸಬೇಕಾದ ಕಡೆ ಒಂದು ತೆಂಗಿನಕಾಯಿಯ ಫೋಟೋ ಹಾಕಿದ್ದೆವು. ಗುಂಪಿನವರು ನಮ್ಮನ್ನು ಕಾಯಿಯವರೇ ಎಂದು ಕರೆಯುತ್ತಿದ್ದರು. ಆ ಕಾಯಿಯ ಹಿಂದೆ ಇಬ್ಬರಿದ್ದೇವೆ ಎಂದು ಅವರಿಗೆ ಗೊತ್ತಿರಲಿಲ್ಲ. ಆಮೇಲೆ ಒಬ್ಬನೇ ಉಳಿದೆ ಎಂದೂ ಗೊತ್ತಿರಲಿಲ್ಲ. "ಕಾಯಿಯವರೇ, ಕೋಟೆಯ ವಿಮರ್ಶೆ ಎಲ್ಲಿ?" ಎಂದು ಈ ಬೇಸಿಗೆಯವರೆಗೂ ಕೇಳುತ್ತಲೇ ಇದ್ದರು.

ನಮಗೆ ಮಕ್ಕಳಾಗಲಿಲ್ಲ. ಇದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಮಕ್ಕಳಿರುವ ಮನೆಗೆ ಆಟದ ಸಾಮಾನು ಬಂದರೆ ಯಾರೂ ತಿರುಗಿ ನೋಡುವುದಿಲ್ಲ. ನಮ್ಮ ಮನೆಗೆ ಬಂದರೆ ಬೀದಿಯವರು ದನಿ ತಗ್ಗಿಸಿ ಮಾತಾಡಿಕೊಳ್ಳುತ್ತಾರೆ. ಅದಕ್ಕೇ ಪಾರ್ಸೆಲ್ಲನ್ನು ಊರಿಗೆ ತರಿಸುತ್ತಿರಲಿಲ್ಲ. ತಿಪಟೂರಿನಲ್ಲಿ ಅವಳ ರವಿಕೆ ಹೊಲಿಯುತ್ತಿದ್ದ ಟೈಲರ್ ಸಾಹೇಬರ ಅಂಗಡಿಯ ವಿಳಾಸ ಕೊಡುತ್ತಿದ್ದೆವು. ಕೊಬ್ಬರಿ ಮಾರಲು ಪೇಟೆಗೆ ಹೋದಾಗ ನಾನು ತರುತ್ತಿದ್ದೆ. ಸಾಹೇಬರು ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವರು, ಕಾಯಿ ಒಣಗಿ ಕೊಬ್ಬರಿಯಾಗಿದೆಯೇ ಎಂದು ನಾವು ಅಲ್ಲಾಡಿಸಿ ನೋಡುವ ಹಾಗೆ.

"ಏನ್ ಯಜಮಾನ್ರೇ, ಒಳಗೆ ಗಲಗಲ ಅಂತದಲ್ಲ?"

"ಪಂಪ್‌ಸೆಟ್ ಪಾರ್ಟು."

"ಅರೆ, ಎಷ್ಟು ಪಂಪ್‌ಸೆಟ್ ಮಡಗಿದೀರಾ? ಊರಿಗೆಲ್ಲ ನೀವೇ ನೀರು ಬಿಡ್ತೀರೇನೋ!"

ಅವರು ನಂಬುತ್ತಿರಲಿಲ್ಲ. ಹಾಗೆಂದು ಕೆದಕುತ್ತಲೂ ಇರಲಿಲ್ಲ.

ನಾವು ಕಟ್ಟುತ್ತಿದ್ದುದು ಅಟ್ಟದ ಮೇಲೆ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವವರ ಮನೆಯಲ್ಲೆಲ್ಲ ಅಟ್ಟವಿರುತ್ತದೆ. ಕಾಯಿಯನ್ನು ಸುಲಿಯದೆ ಅಲ್ಲಿ ಹರವಿಬಿಟ್ಟರೆ ಹೆಚ್ಚುಕಡಿಮೆ ವರ್ಷ ಹಿಡಿಯುತ್ತದೆ, ಒಳಗಿನ ನೀರು ಇಂಗಿ ತಿರುಳು ಚಿಪ್ಪು ಬಿಡಲು. ಅಲ್ಲಿಯವರೆಗೆ ಹೊರಗಿನವರು ಯಾರೂ ಹತ್ತುವುದಿಲ್ಲ. ಅಟ್ಟದ ಒಂದು ಮೂಲೆಯ ಕಾಯಿಗಳನ್ನು ಸರಿಸಿ, ಚಾಪೆ ಹಾಕಿ, ಬಲ್ಬು ಇಳಿಬಿಟ್ಟುಕೊಂಡಿದ್ದೆವು. ಭಾನುವಾರ ಊಟವಾದ ಮೇಲೆ, ಬೀದಿಗೆ ಬೀದಿಯೇ ಮಲಗಿದ್ದಾಗ ಹತ್ತುತ್ತಿದ್ದೆವು. ಅವಳ ಕೈ ನನಗಿಂತ ಚುರುಕು. "ಟಕ್ ಅನ್ನಗಂಟ ಒತ್ತಬೇಕು ಕಣ್ರೀ. ನೀವು ಇಡ್ಲಿ ಹಿಟ್ಟು ಮುಟ್ಟಿದಂಗೆ ಮುಟ್ತೀರಾ," ಎಂದು ನಾನು ಸಡಿಲವಾಗಿ ಕೂರಿಸಿದ್ದನ್ನೆಲ್ಲ ಮತ್ತೆ ಒತ್ತುವಳು.

ಕೋಟೆಯೇ ಬೇಕೆಂದು ಹಟ ಹಿಡಿದದ್ದು ಅವಳು. ಅವಳ ತವರು ಅಮ್ಮಸಂದ್ರದ ಹತ್ತಿರ. ಅವಳ ತಾಯಿ ಸಿಮೆಂಟ್ ಫ್ಯಾಕ್ಟರಿಯ ಒಬ್ಬ ಆಫೀಸರ ಮನೆಯಲ್ಲಿ ಕಸ ಮುಸುರೆ ಮಾಡುತ್ತಿದ್ದರು. ಆ ಮನೆಯ ಶೋಕೇಸಿನಲ್ಲಿ ಇಂಥದ್ದೊಂದು ಕೋಟೆ ಇತ್ತಂತೆ. ಅಕ್ಕ ತಂಗಿ ಇಬ್ಬರೂ ಶಾಲೆ ಬಿಟ್ಟ ಮೇಲೆ ಅದರ ಗಾಜಿನ ಮುಂದೆ ಕೂತು ತಾಯಿಯ ಕೆಲಸ ಮುಗಿಯುವವರೆಗೆ ನೋಡುತ್ತಿದ್ದರಂತೆ. ನೋಡಬಹುದಿತ್ತು, ಮುಟ್ಟುವ ಹಾಗಿರಲಿಲ್ಲ. ಅದಕ್ಕೇ ಈ ಪೆಟ್ಟಿಗೆ ಬಿಚ್ಚಿ ಬೂದು ಬಣ್ಣದ ಇಟ್ಟಿಗೆಗಳನ್ನು ಚಾಪೆಯ ಮೇಲೆ ಸುರಿದಾಗ ಅವಳು ಕಟ್ಟಲು ಕೂರಲಿಲ್ಲ. ಬಹಳ ಹೊತ್ತು ಎರಡೂ ಕೈಗಳನ್ನು ಅದರೊಳಗೆ ಆಡಿಸುತ್ತಿದ್ದಳು. "ಸಿಮೆಂಟ್ ಬಣ್ಣ. ಇದೇ ಸರಿಯಾದ್ದು," ಎಂದಳು.

ಅವಳು ಹೇಳಿದ ಕೆಲವು ವಿಮರ್ಶೆಯ ಮಾತುಗಳು ಫೋನಿನಲ್ಲಿ ಹಾಗೇ ಉಳಿದಿವೆ. ಗೋಡೆ ಗಟ್ಟಿ, ಒಂದೇ ಕೈಯಲ್ಲಿ ಎತ್ತಿದರೂ ಬಾಗುವುದಿಲ್ಲ. ಸೇತುವೆಯ ಸರಪಳಿ ಗಿಡ್ಡ, ಪೂರ್ತಿ ಇಳಿಯುವುದಿಲ್ಲ. ಪುಸ್ತಕದಲ್ಲಿ ಕಪ್ಪು ಯಾವುದು, ಕಾಫಿಪುಡಿ ಬಣ್ಣ ಯಾವುದು ಎಂದು ಬಲ್ಬಿನ ಬೆಳಕಿನಲ್ಲಿ ತಿಳಿಯುವುದಿಲ್ಲ. ಸಿಪಾಯಿಗಳೆಲ್ಲ ಒಂದೇ ಮುಖದವರು, ಒಂದೇ ಬಸಿರಲ್ಲಿ ಹುಟ್ಟಿದ ಹಾಗಿದ್ದಾರೆ. ಕೊನೆಯದು ಅವಳ ದೊಡ್ಡ ತಕರಾರು: "ಇಷ್ಟು ದೊಡ್ಡ ಕೋಟೆ ಕಟ್ಟವ್ರೆ, ಒಂದು ಅಟ್ಟ ಮಾಡಿಲ್ಲ. ಕಾಯಿ ಎಲ್ಲಿ ಹಾಕ್ತಾರೆ?" ಮಿಕ್ಕ ತುಂಡುಗಳಲ್ಲಿ ಕುದುರೆ ಲಾಯದ ಮೇಲೆ ತಾನೇ ಒಂದು ಅಟ್ಟ ಕಟ್ಟುತ್ತೇನೆ ಎಂದು ಅವನ್ನು ಬಟ್ಟಲಿನಲ್ಲಿ ತೆಗೆದಿಟ್ಟಿದ್ದಳು.

ಅಷ್ಟರಲ್ಲಿ, ಹೋದ ಬೇಸಿಗೆಯಲ್ಲಿ, ಅವಳಿಗೆ ಜ್ವರ ಬಂತು. ಮೊದಲು ತಿಪಟೂರಿಗೆ, ಅಲ್ಲಿಂದ ತುಮಕೂರಿಗೆ ಕರೆದುಕೊಂಡು ಹೋದೆ. ಉಳಿಯಲಿಲ್ಲ. ಅವಳನ್ನು ಅಂಗಳದಲ್ಲಿ ಮಲಗಿಸಿದ್ದಾಗ ನೆಂಟರು ಬರತೊಡಗಿದರು. ಯಾರಾದರೂ ಚಾಪೆಗೋ ಹಗ್ಗಕ್ಕೋ ಅಟ್ಟ ಹತ್ತಿದರೆ ಎಂಬ ಯೋಚನೆ ನನಗೆ ಬಂತು. ಹೆಂಗಸರು ಅಳುತ್ತಿದ್ದಾಗ ನಾನು ಏಣಿ ಹತ್ತಿ ಹೋಗಿ, ಕೋಟೆಯನ್ನು ಕಾಯಿರಾಶಿಯ ಹಿಂದಕ್ಕೆ ತಳ್ಳಿ, ಮೇಲೆ ಗೋಣಿಚೀಲ ಹೊದಿಸಿದೆ. ಕೆಳಗಿಳಿದಾಗ ಯಾರೋ ನನ್ನ ಹೆಗಲು ಹಿಡಿದುಕೊಂಡರು. ಒಬ್ಬನೇ ಅಳಲು ಮೇಲೆ ಹೋಗಿದ್ದೆ ಎಂದುಕೊಂಡಿದ್ದರು.

ಮಳೆಗಾಲ ಬಂತು. ಕಾಯಿಗೆ ತೇವ ತಾಗಿ ಬೂಷ್ಟು ಹಿಡಿಯಬಾರದೆಂದು ನಾವು ಅಟ್ಟದ ಕೆಳಗೆ ತೆಂಗಿನ ಮಟ್ಟೆಗೆ ಕೆಂಡ ಹಾಕಿ ಸಣ್ಣಗೆ ಹೊಗೆ ಏಳಿಸುತ್ತೇವೆ. ಪ್ರತಿ ವರ್ಷದ ಹಾಗೆ ಆ ವರ್ಷವೂ ಮಾಡಿದೆ. ಕೋಟೆ ಅಲ್ಲೇ ಇದೆ ಎಂಬುದು ನೆನಪಿಗೇ ಬರಲಿಲ್ಲ.

ಈ ಬೇಸಿಗೆಯಲ್ಲಿ ಅವಳ ವರ್ಷದ ಕಾರ್ಯ ಮಾಡಿದೆವು. ನಮ್ಮಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೂ ಪಕ್ಕದಲ್ಲೂ ಇಟ್ಟು, ಕೋಣೆಯ ಬಾಗಿಲು ಮುಂದೆ ಮಾಡಿ, ಸ್ವಲ್ಪ ಹೊತ್ತು ಹೊರಗೆ ಕೂರುತ್ತೇವೆ. ಅದಕ್ಕೆ ಎಡೆ ಇಡುವುದು ಎನ್ನುತ್ತೇವೆ. ಅವರು ಬಂದು ಮುಟ್ಟಿ ಹೋಗುತ್ತಾರೆ ಎಂದು ನಂಬಿಕೆ. ನಾನು ಸೀರೆ, ಬಳೆ, ಹೂವು, ಒಬ್ಬಟ್ಟು, ಚಕ್ಕುಲಿ, ಎಲೆಅಡಿಕೆ ಎಲ್ಲ ಜೋಡಿಸಿದ್ದೆ. ನೋಡಿದವರು ಒಪ್ಪುವ ಹಾಗಿತ್ತು.

ಬಾಗಿಲ ಬಳಿ ನಿಂತಿದ್ದ ನನ್ನ ಚಿಕ್ಕಮ್ಮ ಕೇಳಿದಳು: "ಲೇ, ಬಾಗ್ಲು ಹಾಕೋಕ್ ಮುಂಚೆ ನೋಡ್ಕ. ಅವ್ಳಿಗೆ ಇಷ್ಟವಾದ್ದು ಏನಾರ ಬಿಟ್ಟೋಗೈತಾ? ಆಮೇಲೆ ಕನಸಲ್ಲಿ ಬಂದು ಕೇಳ್ತಾಳೆ ಕಣ್ಲಾ."

"ಎಲ್ಲಾ ಆಯ್ತು ಚಿಕ್ಕಮ್ಮ."

ನನ್ನ ನಾದಿನಿ, ಹೆಂಡತಿಯ ತಂಗಿ, ಎಲೆಯನ್ನೇ ನೋಡುತ್ತಿದ್ದಳು. "ಭಾವ, ಅಕ್ಕ ಚಕ್ಕುಲಿ ತಿಂತಿರ್ಲಿಲ್ಲ. ಹಲ್ಲು ನೋವು ಅಂತಿದ್ಲು. ಯಾರಿಗೆ ಮಡಗಿರೋದು ಇದು?"

"ಅವ್ಳಿಗಲ್ದಿದ್ರೆ ನಂಗೆ ಬುಡು, ನಂಗೆ ಹಲ್ಲೇ ಇಲ್ಲ ನೋಯೋಕೆ," ಎಂದಳು ಚಿಕ್ಕಮ್ಮ. ಎಲ್ಲರೂ ನಕ್ಕರು.

ನನಗೆ ನಗು ಬರಲಿಲ್ಲ. ಎಲೆಯ ಮೇಲೆ ಅವಳದೆನ್ನುವ ಒಂದು ವಸ್ತುವೂ ಇರಲಿಲ್ಲ. ಯಾವ ಹೆಂಗಸಿನ ಎಡೆಯಾದರೂ ಆಗಬಹುದಿತ್ತು ಅದು. "ಒಂದ್ ನಿಮಿಷ ಇರಿ," ಎಂದು ಅಟ್ಟ ಹತ್ತಿದೆ.

ಗೋಣಿಚೀಲ ಎತ್ತಿ ನೋಡಿದಾಗ ಕೋಟೆ ಬೂದು ಬಣ್ಣದ್ದಾಗಿರಲಿಲ್ಲ. ಮಳೆಗಾಲದ ಹೊಗೆಯೆಲ್ಲ ಅದಕ್ಕೆ ಹಿಡಿದಿತ್ತು. ಗೋಡೆ, ಬುರುಜು, ಸಿಪಾಯಿಗಳ ಮುಖ ಎಲ್ಲವೂ ಕೊಬ್ಬರಿಯ ಮೇಲ್ಸಿಪ್ಪೆಯ ಕಂದು. ಪಂಚೆಯ ತುದಿಯಿಂದ ಒರೆಸಿದೆ, ಹೋಗಲಿಲ್ಲ. ಅವಳು ಕೈಯಾಡಿಸಿ ಸಂತೋಷಪಟ್ಟ ಆ ಸಿಮೆಂಟ್ ಬಣ್ಣವನ್ನು, ನಾಚಿಕೆಯಿಂದ ಬಚ್ಚಿಟ್ಟ ನಾನೇ ಹಾಳು ಮಾಡಿದ್ದೆ. ಮೊರದಲ್ಲಿಟ್ಟುಕೊಂಡು ಒಂದೊಂದೇ ಮೆಟ್ಟಿಲು ಇಳಿದೆ. ಅರ್ಧಕ್ಕೆ ಬಂದಾಗ ಒಬ್ಬ ಸಿಪಾಯಿ ಜಾರಿ ಚಿಕ್ಕಮ್ಮನ ಕಾಲ ಬಳಿ ಬಿದ್ದ.

"ಇದೇನ್ಲಾ ಇದು?"

"ಕೋಟೆ."

"ಯಾರ್ದು?"

"ಅವಳ್ದು," ಎಂದೆ.

ನಮ್ಮದು ಎನ್ನಬೇಕಿತ್ತು. ಬಾಯಿಗೆ ಬಂದದ್ದು ಅವಳದು ಎಂದು. ಅಷ್ಟು ಹೇಳಿದ್ದೇ ತಡ, ಚಿಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯೋ ನನ್ನವ್ವ! ಮಡ್ಲು ತುಂಬ್ಲಿಲ್ಲ ಅಂತ ಎಷ್ಟು ಕೊರಗಿದ್ಲೋ. ಆಟದ ಸಾಮಾನು ಇಟ್ಕಂಡು ಮನ್ಸಿಗೆ ಸಮಾಧಾನ ಮಾಡ್ಕತಿದ್ಲೇನೋ." ಉಳಿದ ಹೆಂಗಸರೂ ಅಳತೊಡಗಿದರು.

ನಾದಿನಿ ಮಾತ್ರ ಅಳಲಿಲ್ಲ. ಮೊರದ ಹತ್ತಿರ ಬಗ್ಗಿ ಸೇತುವೆಯನ್ನು ಬೆರಳಿನಿಂದ ಮೇಲೆತ್ತಿದಳು. ನಂತರ ನನ್ನ ಕಡೆ ನೋಡಿದಳು. "ಅಕ್ಕ ಒಬ್ಬಳೇ ಕಟ್ತಿದ್ಲಾ ಭಾವ?"

"ಹೂಂ. ಹೊತ್ತು ಹೋಗ್ಲಿ ಅಂತ."

ಕೋಟೆಯನ್ನು ಎಲೆಯ ಪಕ್ಕದಲ್ಲಿಟ್ಟು ಬಾಗಿಲು ಹಾಕಿದರು. ನಾವೆಲ್ಲ ಹೊರಗೆ ಕೂತೆವು. ನನ್ನ ಅಪ್ಪ ತೀರಿಕೊಂಡಾಗ ಇದೇ ಕೋಣೆಯಲ್ಲಿ ಅವನ ಎಡೆಗೆ ಬೀಡಿ ಕಟ್ಟು, ಬ್ರಾಂದಿ ಬಾಟಲಿ ಇಟ್ಟಿದ್ದೆವು. ಬಾಟಲಿಯ ಮುಚ್ಚಳ ಸಡಿಲ ಮಾಡಿಡಲು ಇದೇ ಚಿಕ್ಕಮ್ಮ ನೆನಪಿಸಿದ್ದಳು. ಆಗ ಯಾರಿಗೂ ನಾಚಿಕೆಯಾಗಲಿಲ್ಲ, ಯಾರೂ ಅವನಿಗಾಗಿ ಮರುಗಲಿಲ್ಲ. ಅವನಿಗೆ ಅದು ಇಷ್ಟ, ಇಟ್ಟೆವು, ಅಷ್ಟೇ. ನನ್ನ ಹೆಂಡತಿಯೂ ಕೊರಗಿನಿಂದ ಕಟ್ಟಿದವಳಲ್ಲ. ಮಕ್ಕಳಿಲ್ಲವೆಂಬ ದುಃಖ ಅವಳಿಗೆ ಇತ್ತು, ಅದನ್ನು ಅವಳು ಬೇರೆ ಕಡೆ ಇಟ್ಟುಕೊಂಡಿದ್ದಳು. ಅಟ್ಟ ಹತ್ತುವಾಗ ಅದನ್ನು ತರುತ್ತಿರಲಿಲ್ಲ. ಅಲ್ಲಿ ನಾವು ನಗುತ್ತಿದ್ದೆವು, ಒಂದು ತುಂಡಿಗಾಗಿ ಜಗಳವಾಡುತ್ತಿದ್ದೆವು. ಆ ನಗುವನ್ನು ನಾನು ಒಂದೇ ಮಾತಿನಲ್ಲಿ ಬಂಜೆತನದ ಗೋಳು ಮಾಡಿ ನೆಂಟರ ಕೈಗೆ ಕೊಟ್ಟಿದ್ದೆ. ಅವಳು ಬಯಸಿದ ಅಟ್ಟ ಇನ್ನೂ ಕಟ್ಟಿರದ ಕೋಟೆಯನ್ನು, ಹೊಗೆ ಹಿಡಿಸಿ, ನಿನ್ನದು ಎಂದು ಅವಳ ಮುಂದಿಟ್ಟು ಬಂದಿದ್ದೆ. ಬಾಗಿಲ ಒಳಗೆ ಅವಳು ನಿಜವಾಗಿ ಬಂದಿದ್ದರೆ ಏನೆಂದುಕೊಂಡಳೋ ಎಂದು ತಲೆ ಎತ್ತಲಾಗಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ನೆಂಟರು ಹೊರಟರು. ನಾದಿನಿ ಪಾತ್ರೆಗಳನ್ನು ಎತ್ತಿಡಲು ಉಳಿದಳು. ನಾನು ಕೋಟೆಯನ್ನು ಬೀದಿಗೆ ಕಾಣುವ ಜಗುಲಿಯ ಮೇಲೆ ತಂದಿಟ್ಟೆ. ಬಟ್ಟಲಿನಲ್ಲಿದ್ದ ಮಿಕ್ಕ ತುಂಡುಗಳನ್ನೂ ತಂದೆ. ಬಟ್ಟಲಿಗೆ ಮುಚ್ಚಳ ಹಾಕಿದ್ದರಿಂದ ಅವು ಬೂದು ಬಣ್ಣದಲ್ಲೇ ಇದ್ದವು.

"ನಿನ್ನೆ ನಾನು ಸುಳ್ಳು ಹೇಳ್ದೆ ಕಣಮ್ಮ," ಎಂದೆ. "ಇಬ್ರೂ ಕಟ್ತಿದ್ವಿ. ನಂಗೂ ಇಷ್ಟ."

"ಗೊತ್ತಿತ್ತು ಬುಡಿ ಭಾವ," ಎಂದಳು. "ಸಡಿಲವಾಗಿ ಕೂರ್ಸೋರು ನೀವೇ ಅಲ್ವಾ? ಅಕ್ಕ ಫೋನಲ್ಲಿ ಹೇಳ್ತಿದ್ಲು, ನಿಮ್ಮ ಭಾವಂಗೆ ಕೈಯಲ್ಲಿ ಶಕ್ತಿನೇ ಇಲ್ಲ ಅಂತ." ಅವಳು ನಗಲು ಹೋಗಿ, ಆಗದೆ, ಸೆರಗು ಮುಖಕ್ಕೆ ಒತ್ತಿಕೊಂಡು ಒಳಗೆ ಹೋದಳು. ಹಾಗಾದರೆ ನಿನ್ನೆ ಅವಳು ಕೇಳಿದ್ದು ತಿಳಿದುಕೊಳ್ಳಲು ಅಲ್ಲ. ನನಗೊಂದು ಅವಕಾಶ ಕೊಡಲು.

ನಾನು ಕುದುರೆ ಲಾಯದ ಮೇಲೆ ಅಟ್ಟ ಕಟ್ಟತೊಡಗಿದೆ. ಹುಲ್ಲು ಹೊತ್ತು ಹೋಗುತ್ತಿದ್ದ ಪಕ್ಕದ ಮನೆಯಾಕೆ ನಿಂತು ನೋಡಿ, ಮುಂದೆ ಹೋದಳು. ಎದ್ದು ಒಳಗೆ ಹೋಗೋಣ ಅನಿಸಿತು. ಅಷ್ಟರಲ್ಲಿ ಮನೆ ಮುಂದೆ ಬೈಕು ನಿಂತಿತು. ಟೈಲರ್ ಸಾಹೇಬರು. ಹಿಂದಿನ ದಿನದ ಕಾರ್ಯಕ್ಕೆ ಮದುವೆ ಬಟ್ಟೆ ಹೊಲಿಯುವ ಒತ್ತಡದಲ್ಲಿ ಬರಲಾಗಲಿಲ್ಲವೆಂದು ಈಗ ಬಂದಿದ್ದರು. ಚಪ್ಪಲಿ ಬಿಟ್ಟು ಜಗುಲಿ ಹತ್ತಿದವರು ಕೋಟೆಯನ್ನು ಸುತ್ತಲೂ ನೋಡಿದರು. ಒಂದು ತುಂಡನ್ನು ಎತ್ತಿ ಕಿವಿಯ ಹತ್ತಿರ ಹಿಡಿದರು.

"ಇದೇನಾ ಯಜಮಾನ್ರೇ, ನಿಮ್ಮ ಪಂಪ್‌ಸೆಟ್ಟು?"

"ಹೂಂ ಸಾಹೇಬ್ರೇ. ಇದೇ."

"ಯಾರಿಗೆ ಇದು?"

"ನಮ್ಗೆ. ಅವಳಿಗೆ, ನಂಗೆ," ಎಂದೆ. ಅವರು ತಲೆಯಾಡಿಸಿ ಪಕ್ಕದಲ್ಲಿ ಕೂತರು. ಕೈಯಲ್ಲಿದ್ದ ತುಂಡನ್ನು ಅಟ್ಟದ ಅಂಚಿಗೆ ಇಟ್ಟರು.

"ಹಂಗಲ್ಲ," ಎಂದೆ. "ಟಕ್ ಅನ್ನಗಂಟ ಒತ್ತಬೇಕು."

ಚಿಕ್ಕಮ್ಮನಿಗೆ ಇನ್ನೂ ಹೇಳಿಲ್ಲ, ಹೇಳಬೇಕು. ಗುಂಪಿಗೆ ಮಾತ್ರ ಆ ಸಂಜೆಯೇ ಬರೆದೆ. ಗೋಡೆ ಗಟ್ಟಿ, ಸರಪಳಿ ಗಿಡ್ಡ, ಸಿಪಾಯಿಗಳೆಲ್ಲ ಒಂದೇ ಮುಖದವರು. ಪೆಟ್ಟಿಗೆಯಲ್ಲಿ ಇದರ ಬಣ್ಣ ಬೂದು. ನಮ್ಮದು ಕಂದಾಗಿದೆ, ಅದು ಮಾಡಿದವರ ತಪ್ಪಲ್ಲ, ನನ್ನದು. ಅಟ್ಟ ಇರಲಿಲ್ಲ, ನಾವು ಕಟ್ಟಿಕೊಂಡೆವು. ಕಾಯಿಯ ಫೋಟೋ ಅಳಿಸಿ, ಆ ಜಾಗದಲ್ಲಿ ನಾವಿಬ್ಬರೂ ಇರುವ ಒಂದು ಫೋಟೋ ಹಾಕಿದೆ.